ದಸ್ತಗೀರ್ ಸಾಬರು ಮುಟ್ಟದ ಸೊಪ್ಪು

ಮಾನ್ವಿಯ ಅಡುಗೆ ಬಾವರ್ಚಿ ದಸ್ತಗೀರ್ ಸಾಬರ ಬಚ್ಚಲ ಗೋಡೆಯ ಹಿಂದೆ ಒಂದು ದಿನ ಇರುವೆಗಳು ಸಾಲುಗಟ್ಟಿದವು. ಆದದ್ದು ಅಷ್ಟೇ. ಇರುವೆಗಳು ಎಲ್ಲರ ಮನೆಗೂ ಬರುತ್ತವೆ. ಆದರೆ ಎಲ್ಲರ ಮನೆಯ ಪಕ್ಕದಲ್ಲೂ ಗುಲ್ಶನ್ ಬೇಗಂ ಇರುವುದಿಲ್ಲ.

ಬೇಗಂ ಗಿಡ್ಡ ಗೋಡೆಯ ಮೇಲಿಂದ ಇಣುಕಿ, ಸಾಲು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟುತ್ತದೆ ಎಂದು ನೋಡಿ, ಓಣಿಗೆಲ್ಲ ಕೇಳುವಂತೆ ತೀರ್ಪು ಕೊಟ್ಟಳು.

"ದಸ್ತಗೀರ್ ಭಾಯ್, ನಿಮಗ ಸಕ್ಕರಿ ಬ್ಯಾನಿ ಬಂದದ ನೋಡ್ರಿ! ನೀವು ಒಂದಕ್ಕ ಕುಂತು ಎದ್ದ ಜಾಗದಾಗ ಇರುವಿ ಉರುಸು ಮಾಡಾಕತ್ತಾವ!"

ರಾಯಚೂರಿನ ಡಾಕ್ಟರು ರಕ್ತ ತೆಗೆದು, ಮತ್ತೊಮ್ಮೆ ಬರಲು ಹೇಳಿ, ಫೀಸು ತೆಗೆದುಕೊಂಡು ಅದನ್ನೇ ಹೇಳಿದರು. ಬೇಗಂ ಸಕ್ಕರೆಯೊಂದನ್ನೇ ಕಂಡಿದ್ದಳು. ಡಾಕ್ಟರು ಜೊತೆಗೆ ಬೀಪಿ, ಹೊಟ್ಟೆಯ ಬೊಜ್ಜು, ಮೊಣಕಾಲ ನೋವು ಎಲ್ಲವನ್ನೂ ಹುಡುಕಿಕೊಟ್ಟರು. ಒಂದೇ ಬಸ್ಸಿನಿಂದ ಇಳಿದ ನೆಂಟರ ಹಾಗೆ ಎಲ್ಲ ಕೂಡಿಯೇ ಬಂದಿದ್ದವು, ವಾಪಸು ಹೋಗುವ ಮಾತಾಡುತ್ತಿರಲಿಲ್ಲ. "ಗುಳಿಗಿ ತಗೋರಿ, ಜೋಳದ ರೊಟ್ಟಿ ತಿನ್ರಿ, ಅಡ್ಡಾಡ್ರಿ, ಸಿಹಿ ಮುಟ್ಟಬ್ಯಾಡ್ರಿ" ಎಂದರು ಡಾಕ್ಟರು. ಮಾತು ಇಷ್ಟು ಸರಳವಾಗಿದ್ದರಿಂದ ಓಣಿಯಲ್ಲಿ ಯಾರೂ ನಂಬಲಿಲ್ಲ.

ಮರುದಿನದಿಂದ ಓಣಿಯೇ ದವಾಖಾನೆಯಾಯಿತು. ಗುಲ್ಶನ್ ಬೇಗಂ ಬೆಳಗಾದರೆ ಹಾಗಲಕಾಯಿ ರಸದ ಲೋಟ ಹಿಡಿದು ಗೋಡೆಯ ಹತ್ತಿರ ನಿಲ್ಲುತ್ತಿದ್ದಳು, ಕುಡಿಯುವವರೆಗೆ ಹೋಗುತ್ತಿರಲಿಲ್ಲ. ಹಿಟ್ಟಿನ ಗಿರಣಿ ಹುಸೇನಪ್ಪ ಎಕ್ಕೆ ಎಲೆಗೆ ಔಡಲೆಣ್ಣೆ ಸವರಿ, ಕೆಂಡದ ಮೇಲೆ ಕಾಯಿಸಿ, ಸಾಬರ ಮೊಣಕಾಲಿಗೆ ತಾನೇ ಕಟ್ಟುತ್ತಿದ್ದ. ಕಟ್ಟುವಾಗ ಅವರು "ಯಾ ಅಲ್ಲಾ" ಎಂದು ಚೀರಿದರೆ, "ನೋವು ಹೊರಗ ಬರಾಕತ್ತದ, ತಡಕೋರಿ" ಎನ್ನುತ್ತಿದ್ದ. ಸೊಪ್ಪು ಮಾರುವ ಮುದುಕಮ್ಮ ಬೇವು, ನುಗ್ಗೆ, ಲಕ್ಕಿ, ಹೆಸರಿಲ್ಲದ ಬಳ್ಳಿ, ಹೆಸರು ಹೇಳಬಾರದ ಬೇರು, ಹೀಗೆ ದಿನಕ್ಕೊಂದು ತರುತ್ತಿದ್ದಳು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಆ ವರ್ಷ ಮಾನ್ವಿಯಲ್ಲಿ ದಸ್ತಗೀರ್ ಸಾಬರು ಮುಟ್ಟದ ಸೊಪ್ಪೂ ಇರಲಿಲ್ಲ.

ಈ ನಡುವೆ ಸಾಬರ ಮಗಳು ಜೈನಾಬ್ ಡಾಕ್ಟರು ಹೇಳಿದ್ದನ್ನು ಗದ್ದಲವಿಲ್ಲದೆ ಮಾಡಿದಳು. ಹೊತ್ತಿಗೆ ಸರಿಯಾಗಿ ರೊಟ್ಟಿ, ಪಲ್ಯ, ಸಕ್ಕರೆ ಇಲ್ಲದ ಚಹಾ, ಗುಳಿಗೆ. ಅಪ್ಪ ಕದ್ದು ಬೆಲ್ಲ ತಿನ್ನುವ ಡಬ್ಬಿಯನ್ನು ಎಲ್ಲಿಟ್ಟರೂ ಹುಡುಕಿ ತೆಗೆಯುತ್ತಿದ್ದಳು. ಕೆಲವು ತಿಂಗಳಲ್ಲಿ ಸಕ್ಕರೆ ಇಳಿಯಿತು. ಇಳಿಸಿದ ಹೆಸರನ್ನು ಓಣಿ ಸಮನಾಗಿ ಹಂಚಿಕೊಂಡಿತು, ಜೈನಾಬಳಿಗೆ ಮಾತ್ರ ಪಾಲು ಬರಲಿಲ್ಲ.

ಜೈನಾಬಳಿಗೆ ಲಗ್ನದ ವಯಸ್ಸು ಮೀರುತ್ತಿತ್ತು. ರಾಯಚೂರಿನದೊಂದು ಸಂಬಂಧ ಬಂದು, ಚಹಾ ಕುಡಿದು, ಮತ್ತೆ ಸುದ್ದಿಯಿಲ್ಲದೆ ಹೋಗಿತ್ತು. ಸಾಬರ ಹೆಂಡತಿ ಸರ್ವರಿ ಬೇಗಂ ಅದಕ್ಕೆ ಕಾರಣವನ್ನೂ ಹುಡುಕಿದ್ದರು.

"ನಿಮ್ಮ ಬ್ಯಾನಿ ಸುದ್ದಿ ಮುಟ್ಟಿರಬೇಕ್ರಿ. ಸಕ್ಕರಿ ಬ್ಯಾನಿ ಮನಿ ಹುಡುಗಿನ್ನ ಯಾರು ಒಯ್ತಾರ? ಇದು ರಕ್ತದಾಗ ಬರ್ತದಂತ."

"ಅಬ್ಬಾ, ಇದ್ದದ್ದು ಇದ್ದಂಗ ಹೇಳಿಬಿಡ್ರಿ" ಎಂದು ಅಪ್ಪನಿಗೆ ಹೇಳಿದ್ದಳು ಜೈನಾಬ್. ಮನೆಯಲ್ಲಿ ಬುದ್ಧಿಯ ಮಾತು ಅದೊಂದೇ ಆದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ದೇವದುರ್ಗದಿಂದ ಸಂಬಂಧ ಬಂದಿತ್ತು. ಬಳೆ ಅಂಗಡಿಯ ವಲಿ ಪಾಷಾ, ಅವರ ಹೆಂಡತಿ ಮಹಬೂಬೀ ಮಾತು ಮುಗಿಸಲಿಕ್ಕೇ ಬರುವವರಿದ್ದರು. ಹುಡುಗ ಸಲಾವುದ್ದೀನ್ ಒಳ್ಳೆಯವನು, ಬೀಡಿ ಕೂಡ ಸೇದುವುದಿಲ್ಲ ಎಂದು ಸುದ್ದಿ. ಈ ಸಂಬಂಧವೂ ತಪ್ಪಿದರೆ ಮಗಳ ಮುಖ ನೋಡುವುದು ಹೇಗೆ ಎಂದು ಸಾಬರಿಗೆ ನಿಜವಾಗಿಯೂ ನಿದ್ದೆ ಹತ್ತಿರಲಿಲ್ಲ.

ಹಿಂದಿನ ದಿನ ಸಂಜೆ ಅವರು ನೆರೆಯವರನ್ನು ಕೂಡಿಸಿ ಕೈಮುಗಿದರು.

"ನಾಳೆ ಬೀಗರು ಬರ್ತಾರ. ಯಾರು ಏನು ಕೇಳಿದ್ರೂ ನನಗ ಯಾವ ಬ್ಯಾನಿನೂ ಇಲ್ಲಂತನ ಹೇಳ್ಬೇಕು. ನಾನ ಬಾಯಿ ತಪ್ಪಿ ಏನರ ಅಂದ್ರೂ ನೀವು ಒಪ್ಪಬ್ಯಾಡ್ರಿ. ಆಣಿ ಮಾಡ್ರಿ."

ಹುಸೇನಪ್ಪ ಹನುಮಪ್ಪನ ಮೇಲೆ, ಮುದುಕಮ್ಮ ಎಲ್ಲಮ್ಮನ ಮೇಲೆ ಆಣೆ ಮಾಡಿದರು. ಗುಲ್ಶನ್ ಬೇಗಂ ತನ್ನ ಹರೆಯಕ್ಕೆ ಬಂದ ಮಗಳ ತಲೆಯ ಮೇಲೆ ಕೈಯಿಟ್ಟಳು. ಗುಟ್ಟನ್ನು ಎಂದೂ ಒಂದು ರಾತ್ರಿ ಹೊಟ್ಟೆಯಲ್ಲಿ ಇಟ್ಟುಕೊಂಡವಳಲ್ಲ, ಆದರೆ ಆಣೆ ಮುರಿಯುವವಳೂ ಅಲ್ಲ. ಸಾಬರ ಗುಳಿಗೆಯ ಸೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ನಮ್ಮ ಮನ್ಯಾಗ ಇರ್ಲಿ" ಎಂದು ಒಯ್ದಳು.

ಉಳಿದದ್ದು ಒಂದೇ ತೊಡಕು. ಮಾತು ಕೂಡಿತೆಂದರೆ ಇಬ್ಬರು ಬೀಗರೂ ಒಬ್ಬರ ಬಾಯಿಗೊಬ್ಬರು ಸಿಹಿ ಇಡಬೇಕು, ಆಮೇಲೆ ಬಟ್ಟಲು ಖಾಲಿ ಮಾಡಬೇಕು. ಒಲ್ಲೆ ಎಂದರೆ ಸಂಬಂಧ ಒಲ್ಲೆ ಎಂದ ಹಾಗೆ. ಅದರಲ್ಲೂ ಹೆಸರುವಾಸಿ ಬಾವರ್ಚಿ ತನ್ನ ಮನೆಯ ಖೀರು ತಾನೇ ತಿನ್ನದಿದ್ದರೆ ಯಾರು ಸುಮ್ಮನಿದ್ದಾರು?

ಮುದುಕಮ್ಮ ಬುಟ್ಟಿಯಿಂದ ಬಳ್ಳಿಯೊಂದನ್ನು ತೆಗೆದಳು. "ಚಿಂತಿ ಬಿಡ್ರಿ ಸಾಬ್ರ. ಇದು ಗುಡಮಾರ. ಕಲ್ಮಲದ ಕಡೆ ಬೇಲ್ಯಾಗ ಹಬ್ಬಿತ್ತು. ಸಿಹಿ ತಿನ್ನೂಕಿಂತ ಮದ್ಲ ನಾಕು ಎಲಿ ಅಗದು ನುಂಗ್ರಿ. ಆಮ್ಯಾಲ ಕೊಡ ಬೆಲ್ಲ ತಿಂದ್ರೂ ನಿಮಗೇನೂ ಆಗಂಗಿಲ್ಲ."

ಹೊಟ್ಟೆಗೆ ಹೋದ ಸಕ್ಕರೆಯನ್ನು ಆ ಎಲೆ ಏನು ಮಾಡುತ್ತದೋ ದೇವರಿಗೇ ಗೊತ್ತು. ಬಾಯಲ್ಲಿ ಮಾಡುವ ಕೆಲಸ ಮಾತ್ರ ಖಂಡಿತ. ಅಗಿದವನ ನಾಲಗೆಗೆ ಒಂದು ತಾಸು ಸಿಹಿ ಎಂಬುದೇ ತಿಳಿಯುವುದಿಲ್ಲ. ಸಕ್ಕರೆ ಹಾಕಿಕೊಂಡರೆ ಮರಳು ಹಾಕಿಕೊಂಡ ಹಾಗೆ. ಇದು ಮುದುಕಮ್ಮನಿಗೆ ಗೊತ್ತಿತ್ತು. ಜಗತ್ತಿಗೆಲ್ಲ ಗೊತ್ತಿರುವ ವಿಷಯ ಹೇಳುವುದೇಕೆ ಎಂದು ಅವಳು ಹೇಳಲಿಲ್ಲ.

ಮರುದಿನ ಮಧ್ಯಾಹ್ನ ಜೈನಾಬ್ ಖೀರು ಮಾಡಿಟ್ಟಳು. ಸೋರೆಕಾಯಿ ತುರಿ ಹಾಲಲ್ಲಿ ಹದವಾಗಿ ಬೆಂದು, ಯಾಲಕ್ಕಿಯ ವಾಸನೆ ಓಣಿಯವರೆಗೂ ಹೋಗಿತ್ತು. ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕಾವಲಿದ್ದ ಹುಸೇನಪ್ಪ ಏದುಸಿರು ಬಿಡುತ್ತ ಬಂದ.

"ದೇವದುರ್ಗದ ಬಸ್ ಬಂತ್ರಿ! ಬೀಗರು ಇಳದ್ರು!"

ಸಾಬರು ಗಬಗಬನೆ ಎಲೆ ಅಗಿದು ನುಂಗಿದರು. ನುಂಗಿದ ಮೇಲೆ ಹುಸೇನಪ್ಪ ಉಳಿದರ್ಧ ಸುದ್ದಿ ಹೇಳಿದ. "ಮಸೀದಿಗೆ ಹೋಗ್ಯಾರ. ನಮಾಜು ಮುಗಿಸಿ ಬರ್ತಾರಂತ."

ಬಿಡುವು ಸಿಕ್ಕಿತು. ಬಾವರ್ಚಿಗೆ ಬಿಡುವೂ ಸಿಕ್ಕಿ, ಕಣ್ಣ ಮುಂದೆ ಖೀರಿನ ಪಾತೇಲಿಯೂ ಇದ್ದರೆ ಕೈ ಸುಮ್ಮನಿರುತ್ತದೆಯೇ? ಸಾಬರು ಬೆರಳದ್ದಿ ನೆಕ್ಕಿದರು.

"ಜೈನಾಬ್! ಸಕ್ಕರಿ ಹಾಕೇ ಇಲ್ಲಲ್ಲ!"

"ಹಾಕೀನಿ ಅಬ್ಬಾ."

"ಎಲ್ಲಿ ಹಾಕೀದಿ? ಹಾಲಾಗ ಸೋರಿಕಾಯಿ ತೇಲಾಕತ್ತದ, ಅಷ್ಟ." ಅವರು ಡಬ್ಬಿಯ ಸಕ್ಕರೆಯನ್ನೆಲ್ಲ ಸುರಿದರು. ತಿರುವಿ ನೆಕ್ಕಿದರು. ಏನೂ ಇಲ್ಲ. ಡಬ್ಬಿಯ ತಳದ ಕಾಳನ್ನು ನಾಲಗೆಯ ಮೇಲಿಟ್ಟರೆ ಕರಕರ ಎಂದಿತು, ರುಚಿಯಿಲ್ಲ.

"ಮರಳು! ರೇಷನ್ನಿನ ಸಕ್ಕರ್‍ಯಾಗ ಮರಳು ಕಲಿಸ್ಯಾರ!"

ಗೋಡೆಯಾಚೆಯಿಂದ ಗುಲ್ಶನ್ ಬೇಗಂ ಸುದ್ದಿ ಕೇಳಿ, ಮಗಳ ಕೈಯಲ್ಲಿ ತಮ್ಮ ಮನೆಯ ಸಕ್ಕರೆ ಡಬ್ಬಿಯನ್ನೇ ಕಳಿಸಿದಳು. ತಿಂಗಳುಗಟ್ಟಲೆ ಸಕ್ಕರೆ ಮುಟ್ಟಬೇಡಿ ಎಂದು ಕಾವಲು ಕಾದವಳು ಈಗ ಒಂದು ಕಾಳೂ ಉಳಿಸಿಕೊಳ್ಳದೆ ಕೊಟ್ಟಳು. ಅದೂ ಮರಳಾಯಿತು. ಹುಸೇನಪ್ಪ ಬೆಲ್ಲದ ಉಂಡೆ ತಂದ. ಅದು ಮಣ್ಣಿನ ಹೆಂಟೆಯಾಯಿತು. ಊರಿನ ಸಕ್ಕರೆ ಬೆಲ್ಲವೆಲ್ಲ ಒಂದೇ ದಿನ ಕೆಟ್ಟಿತು ಎಂದು ನಂಬಲು ಸಾಬರಿಗೆ ಏನೂ ಕಷ್ಟವಾಗಲಿಲ್ಲ. ತಮ್ಮ ನಾಲಗೆ ಕೆಟ್ಟಿರಬಹುದು ಎಂಬ ಯೋಚನೆ ಮಾತ್ರ ಹತ್ತಿರ ಸುಳಿಯಲಿಲ್ಲ. ಮೂವತ್ತು ವರ್ಷ ಆ ನಾಲಗೆಯೇ ಅವರ ತಕ್ಕಡಿಯಾಗಿತ್ತು, ಅಳತೆಯ ಪಾವು ಹಿಡಿದವರನ್ನು ಕಂಡರೆ ಅವರು ನಗುತ್ತಿದ್ದರು.

ಜೈನಾಬ್ ಒಂದು ಹನಿ ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡಳು. "ಅಬ್ಬಾ, ಇದು ಖೀರಲ್ಲ, ಪಾಕ. ಗಂಟಲು ಕಚ್ಚತದ."

"ಹೆದರಿಕಿಗೆ ನಿನ್ನ ನಾಲಿಗಿ ಕೆಟ್ಟದವ್ವಾ" ಎಂದು ಅಪ್ಪ ಮಗಳ ತಲೆ ಸವರಿದರು.

ಬೀಗರು ಬಂದರು. ವಲಿ ಪಾಷಾ ತೆಳ್ಳಗಿನ ಮನುಷ್ಯ, ಬೇಸಿಗೆಯಲ್ಲೂ ಕಾಲಿಗೆ ಕಾಲುಚೀಲ ಹಾಕಿ ತುಸು ಕುಂಟುತ್ತಿದ್ದರು. ಮಹಬೂಬೀ ಕುಳಿತಲ್ಲಿಂದಲೇ ಮನೆಯ ಮೂಲೆಮೂಲೆಯನ್ನು ನೋಡುತ್ತಿದ್ದರು. ನೆರೆಯವರು ಮೂವರೂ ಕರೆಯದಿದ್ದರೂ ಹಾಜರಿದ್ದರು. ಮಾತು ಚೆನ್ನಾಗಿಯೇ ನಡೆಯಿತು. ಸಾಬರು ಇನ್ನೂ ಗಟ್ಟಿಮುಟ್ಟಾಗಿದ್ದೇನೆಂದು ತೋರಿಸಲು ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತರು. ಕುಳಿತ ಹೊಡೆತಕ್ಕೆ ಮೊಣಕಾಲ ಕಟ್ಟು ಸಡಿಲಾಗಿ, ಪಾಯಿಜಾಮದ ಕಾಲಿನಿಂದ ಎಣ್ಣೆ ಸವರಿದ ಎಕ್ಕೆ ಎಲೆಯೊಂದು ಜಾರಿ ಬೀಗರ ಮುಂದೆ ಬಿತ್ತು.

ಎಲ್ಲರೂ ಎಲೆಯನ್ನು ನೋಡಿದರು. ವಲಿ ಪಾಷಾರ ಮುಖದಲ್ಲಿ ಏನೋ ಆಸೆ ಮೂಡಿತು.

"ಇದೇನ್ರಿ ಇದು?"

"ಆಡಿಗ್ರಿ" ಎಂದ ಹುಸೇನಪ್ಪ ತಡಮಾಡದೆ. "ಸಾಬ್ರು ಆಡಿಗಿ ಮೇವು ತಂದಿದ್ರು."

"ಆಡು ಎಲ್ಲದ?"

"ಮೇಯಾಕ ಹೋಗ್ಯಾದ್ರಿ" ಎಂದಳು ಮುದುಕಮ್ಮ.

ವಲಿ ಪಾಷಾ ಎಲೆಯನ್ನು ಪಕ್ಕಕ್ಕೆ ಸರಿಸಿದರು. ಖೀರು ಬಂತು. ಸಾಬರು ಬೀಗರ ಬಾಯಿಗೆ ಒಂದು ಚಮಚ ಇಟ್ಟರು. ವಲಿ ಪಾಷಾರ ಕಣ್ಣಲ್ಲಿ ನೀರಾಡಿತು. ಸಂತೋಷಕ್ಕೆ ಎಂದುಕೊಂಡರು ಸಾಬರು. ಮಹಬೂಬೀ ತುಟಿಗೆ ತಾಗಿಸಿ ಬಟ್ಟಲನ್ನು ಕೆಳಗಿಟ್ಟು ಗಂಡನ ಕಡೆ ನೋಡಿದರು.

ಸಪ್ಪಗಿದೆ ಎಂದು ಬಿಟ್ಟಿರಬೇಕು ಎಂದು ಸಾಬರಿಗೆ ಅನಿಸಿತು. ಬಾವರ್ಚಿಯ ಮಾನ ಹೋಗಬಾರದಲ್ಲ! ಒಂದು ಬಟ್ಟಲನ್ನು ಗಟಗಟನೆ ಕುಡಿದರು. "ವಾಹ್! ವಾಹ್! ಎಂಥ ಸವಿ!" ಎಂದರು. ಬೀಗರು ಇನ್ನೂ ಮುಟ್ಟಲಿಲ್ಲ. ಇನ್ನೊಂದು ಬಟ್ಟಲು ಖಾಲಿ ಮಾಡಿ ಬೆರಳು ನೆಕ್ಕಿದರು. "ನಾವು ದಿನಾ ಹಿಂಗ ತಿನ್ನಾವ್ರು ನೋಡ್ರಿ. ಈ ವಯಸ್ಸಿಗೂ ಒಂದು ಗುಳಿಗಿ ಕಂಡವನಲ್ಲ ನಾ" ಎಂದು ಮೂರನೆಯದಕ್ಕೆ ಕೈ ಹಾಕಿದರು.

"ಗೂಳಿ ಇದ್ದಂಗ ಅದಾರ್ರಿ" ಎಂದಳು ಗುಲ್ಶನ್ ಬೇಗಂ.

ಮೂರನೆಯ ಬಟ್ಟಲು ಕೆಳಗಿಳಿದಾಗ ವಲಿ ಪಾಷಾ ನಿಟ್ಟುಸಿರು ಬಿಟ್ಟು, ಬಗ್ಗಿ ತಮ್ಮ ಕಾಲುಚೀಲ ತೆಗೆದರು. ಪಾದದಲ್ಲಿ ಹೆಬ್ಬೆರಳಿರಲಿಲ್ಲ.

"ತಪ್ಪು ತಿಳೀಬ್ಯಾಡ್ರಿ ದಸ್ತಗೀರ್ ಸಾಬ್. ನನಗೂ ಈಕಿಗೂ ಸಕ್ಕರಿ ಬ್ಯಾನಿ. ಹೋದ ವರ್ಷ ಬೆರಳು ತಗದ್ರು. ದೊಡ್ಡ ಸೊಸಿ ಪಾಪ ಒಳ್ಳೇಕಿ, ಆದ್ರ ಪ್ರೀತಿಲೇ ದಿನಾ ಸಿಹಿ ಮಾಡಿ ಬಡಸ್ತಾಳ, ಬ್ಯಾಡ ಅಂದ್ರ ಅಳ್ತಾಳ. ಸಣ್ಣ ಸೊಸಿನ್ನರ ಪಥ್ಯ ಬಲ್ಲ ಮನಿಯಿಂದ ತರೋಣಂತ ಬಂದಿದ್ವಿ. ನಿಮಗೂ ಇದ ಬ್ಯಾನಿ ಅದ, ಮಗಳು ಅಪ್ಪನ್ನ ಅಂಗೈಯಾಗಿಟ್ಟು ನೋಡ್ಕೊಳ್ತಾಳ ಅಂತ ನಿಮ್ಮ ಓಣ್ಯಾಗಿಂದನ ಸುದ್ದಿ ಬಂದಿತ್ತು. ಆ ಎಲಿ ಬಿದ್ದಾಗ ನನಗ ಖುಷಿ ಆತು, ನಾನೂ ಮೊಣಕಾಲಿಗೆ ಅದನ್ನ ಕಟ್ಟಾವ. ನೀವು ಆಡಿಗಿ ಅಂದ್ರಿ."

ದಸ್ತಗೀರ್ ಸಾಬರಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. "ಸುಳ್ಳಲ್ರಿ! ನನಗ ಸಕ್ಕರಿ ಅದ! ಖುದಾನ ಆಣಿ, ಬೀಪಿನೂ ಅದ!"

ಮಹಬೂಬೀ ಮರುಕದಿಂದ ನಕ್ಕರು. "ಮಗಳ ಲಗ್ನಕ್ಕಂತ ಇಲ್ಲದ ಬ್ಯಾನಿ ಯಾಕ ಹಚ್ಚಿಕೊಳ್ತೀರಿ ಭಾಯ್? ಕಣ್ಣ ಮುಂದ ಮೂರು ಬಟ್ಟಲ ತಿಂದೀರಿ."

"ಗುಡಮಾರ ಅಗದಿದ್ದೆ ಆಪಾ! ಅದಕ್ಕ ಧೈರ್ಯ ಮಾಡಿ ತಿಂದೆ!"

"ಗುಡಮಾರ ನಾನೂ ಬಲ್ಲೆ" ಎಂದರು ವಲಿ ಪಾಷಾ. "ಅಗದವಗ ಸಿಹಿ ಅನ್ನೂದ ಹತ್ತಂಗಿಲ್ಲ, ಸಕ್ಕರಿ ಮರಳು ಆಗ್ತದ. ನೀವು ಎಂಥ ಸವಿ ಅಂತ ಬೆರಳು ನೆಕ್ಕಿದ್ರಿ."

ಸಾಬರಿಗೆ ತಾವು ಸುರಿದ ಎರಡು ಮನೆಯ ಸಕ್ಕರೆ, ಬೆಲ್ಲದ ಉಂಡೆ ಎಲ್ಲ ನೆನಪಾದವು. ಆದರೂ ಆಸೆ ಬಿಡದೆ ನೆರೆಯವರ ಕಡೆ ತಿರುಗಿದರು.

"ಹುಸೇನಪ್ಪಾ, ಹೇಳೋ! ಆ ಎಲಿ ನೀನ ಕಟ್ಟಿದ್ದಲ್ಲ?"

ಹುಸೇನಪ್ಪ ಕಣ್ಣು ಮಿಟುಕಿಸಿದ. ನಾನೇ ಬಾಯಿ ತಪ್ಪಿ ಅಂದರೂ ಒಪ್ಪಬೇಡಿ ಎಂದಿದ್ದರಲ್ಲ, ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡ. "ಆಡಿಗ್ರಿ ಅದು" ಎಂದ ಗಟ್ಟಿಯಾಗಿ.

"ಮುದುಕಮ್ಮಾ, ಗುಡಮಾರ ಕೊಟ್ಟಾಕಿ ನೀನ ಅಲ್ಲೇನವ್ವಾ?"

"ಯಾವ ಗುಡಮಾರ್‍ರಿ? ನಾ ರಾಜಗಿರಿ, ಪುಂಡಿಪಲ್ಯ ಬಿಟ್ರ ಬ್ಯಾರೆ ಮಾರಂಗಿಲ್ಲ" ಎಂದಳು ಮುದುಕಮ್ಮ, ಎಲ್ಲಮ್ಮನನ್ನು ನೆನೆದು.

ಪರದೆಯ ಹಿಂದಿನಿಂದ ಜೈನಾಬಳ ದನಿ ಬಂತು. "ಅಬ್ಬಾಗ ಸಕ್ಕರಿ ಅದ, ಖರೇನ ಅದ."

"ಪಾಪ, ಅಪ್ಪ ಅಂದದ್ದಕ್ಕ ಹೂಂ ಅಂತದ ಹುಡುಗಿ" ಎಂದು ಮಹಬೂಬೀ ಇನ್ನಷ್ಟು ಮರುಗಿದರು.

"ಗುಳಿಗಿ!" ಸಾಬರು ಚೀರಿದರು. "ಗುಲ್ಶನ್ ಆಪಾ, ನನ್ನ ಗುಳಿಗಿ ಸೀಸೆ ನಿಮ್ಮ ಮನ್ಯಾಗದಲ್ಲ, ತರ್ರಿ!"

ಗುಲ್ಶನ್ ಬೇಗಂ ಕಂಗಾಲಾದಳು. ಮಗಳ ತಲೆ ಮುಟ್ಟಿ ಮಾಡಿದ ಆಣೆ! ಸೀಸೆ ಇಲ್ಲವೆಂದರೆ ಸುಳ್ಳು, ಸಾಬರದು ಎಂದರೆ ಆಣೆ ಮುರಿದಂತೆ. ಜೀವನದಲ್ಲಿ ಮೊದಲ ಸಲ ಪರರ ಗುಟ್ಟು ಕಾಯಲು ಹೊರಟವಳು, ಅದಕ್ಕಾಗಿ ಎಷ್ಟು ದೂರ ಬೇಕಾದರೂ ಹೋಗಲು ಸಿದ್ಧಳಿದ್ದಳು.

"ಸೀಸೆ ಅದ. ಆದ್ರ ಅದು ನಂದು" ಎಂದಳು. "ಸಕ್ಕರಿ ಬ್ಯಾನಿ ನನಗದ. ಭಾಯ್‌ಗೆ ಏನೂ ಇಲ್ಲ."

ಮಹಬೂಬೀ ಗುಲ್ಶನ್ ಬೇಗಂಳನ್ನು ಹೊಸದಾಗಿ ನೋಡುವ ಹಾಗೆ ನೋಡಿದರು. ಬಾಗಿಲಲ್ಲಿ ನಿಂತಿದ್ದ ಅವಳ ಮಗಳನ್ನೂ ನೋಡಿದರು.

"ಈ ಹುಡುಗಿ ನಿಮ್ಮಾಕೀನೇನ್ರಿ? ನಿಮ್ಮ ಪಥ್ಯ ಈಕಿನ ನೋಡ್ತಾಳೇನು?"

ಅಪರೂಪಕ್ಕೆ ಗುಲ್ಶನ್ ಬೇಗಂಗೆ ಮಾತು ಹೊರಡಲಿಲ್ಲ. ಬೀಗರು ಅದನ್ನು ನಾಚಿಕೆ ಎಂದು ತಿಳಿದರು. ಬಸ್ಸಿಗೆ ಇನ್ನೂ ಹೊತ್ತಿದೆ, ಒಂದು ಲೋಟ ಚಹಾ ಕುಡಿದೇ ಹೋಗೋಣ ಎಂದು ಎದ್ದು ಪಕ್ಕದ ಮನೆಗೆ ನಡೆದರು. ಅಲ್ಲಿ ಚಹಾ ಬಂತು, ಸಕ್ಕರೆ ಇಲ್ಲದೆ. ಇದ್ದ ಸಕ್ಕರೆಯೆಲ್ಲ ದಸ್ತಗೀರ್ ಸಾಬರ ಪಾತೇಲಿಯಲ್ಲಿ ಕರಗಿತ್ತಲ್ಲ. ಒಂದು ಗುಟುಕು ಕುಡಿದ ವಲಿ ಪಾಷಾ, "ಇಂಥಾ ಮನಿ ಹುಡುಕಾಕತ್ತಿದ್ವಿ ನೋಡ್ರಿ" ಎಂದದ್ದು ಗೋಡೆಯಾಚೆಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ "ಮುಬಾರಕ್, ಮುಬಾರಕ್" ಎಂಬ ಹುಸೇನಪ್ಪನ ದನಿಯೂ ಕೇಳಿಸಿತು.

ಸರ್ವರಿ ಬೇಗಂ ಮುಸುಕೆಳೆದು ಮಲಗಿಬಿಟ್ಟರು. ಜೈನಾಬ್ ಅಪ್ಪನನ್ನು ಬೈಯಲಿಲ್ಲ. ಜೋಳದ ರೊಟ್ಟಿ, ಮೆಂತ್ಯ ಪಲ್ಯ ತಂದು ಮುಂದಿಟ್ಟು, "ಉಣ್ರಿ ಅಬ್ಬಾ, ಹೊತ್ತಾಗ್ಯಾದ" ಎಂದಳು. ಬೈದಿದ್ದರೆ ಸಾಬರಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಎಲೆಯ ಮಹಿಮೆ ಆಗ ಇಳಿಯುತ್ತ ಬಂದಿತ್ತು. ಪಾತೇಲಿಯ ಅಂಚಿಗೆ ಬೆರಳು ಸವರಿ ಬಾಯಿಗಿಟ್ಟವರು ಥೂ ಎಂದು ಉಗುಳಿದರು. ಮೂವತ್ತು ವರ್ಷದಲ್ಲಿ ಇಂಥ ದರಿದ್ರ ಖೀರನ್ನು ಅವರು ರುಚಿ ನೋಡಿರಲಿಲ್ಲ.

ತಲೆ ತಿರುಗುತ್ತಿತ್ತು, ಗಂಟಲೊಣಗುತ್ತಿತ್ತು, ಮತ್ತೆ ಮತ್ತೆ ಬಚ್ಚಲ ಹಿಂದೆ ಹೋಗುವಂತಾಯಿತು. ಸಂಜೆ ಹೋದಾಗ ನೋಡಿದರೆ ಗೋಡೆಯ ಬುಡದಲ್ಲಿ ಇರುವೆಗಳು. ಅಂದಿನ ಸಾಲಲ್ಲ; ಜಾತ್ರೆಯೇ ಕೂಡಿತ್ತು.

"ಈಗ ಬಂದ್ರೇನ್ರಲೇ!" ಎಂದು ಸಾಬರು ಹಣೆ ಬಡಿದುಕೊಂಡರು.

ಗೋಡೆಯ ಮೇಲೆ ಗುಲ್ಶನ್ ಬೇಗಂಳ ಮುಖ ಮೂಡಿತು. ಅವಳು ಇರುವೆಗಳನ್ನು ನೋಡಿದಳು, ಸಾಬರನ್ನು ನೋಡಿದಳು. ಹಿಂದೊಮ್ಮೆ ಓಣಿಗೆಲ್ಲ ಕೇಳುವಂತೆ ಕೂಗಿದ್ದವಳು ಈಗ ದನಿ ತಗ್ಗಿಸಿ, ತುಂಬಿದ ಕಣ್ಣಿನಿಂದ ಹೇಳಿದಳು.

"ಹೆದರಬ್ಯಾಡ್ರಿ ಭಾಯ್. ನನ್ನ ಮಗಳ ಆಣಿ, ಯಾರಿಗೂ ಹೇಳಂಗಿಲ್ಲ."